ವೀಕ್ ಸೆಲ್ಲಿನ ಪಿಯಾನೋ

ಸಂಗೀತಕ್ಕೂ ಜಾತಕ ಬರೆಯುತ್ತಾರೆ ಅನ್ನುವುದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ. ನನ್ನ ಮಗಳು ಸಿಂಚನಾ ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ದಿನಾ ಕಡೂರಿನಿಂದ ಬಸ್ಸಿನಲ್ಲಿ ಹೋಗಿಬರುವವಳು, ಕಿವಿಗೆ ಏನಾದರೊಂದು ಸಿಕ್ಕಿಸಿಕೊಳ್ಳದೆ ಬಸ್ಸೇ ಹತ್ತುವುದಿಲ್ಲ. ಅವಳೇ ಫೋನಿನಲ್ಲಿ ಒಂದು ಪುಟ ತೆಗೆದು ಓದಿ ಹೇಳಿದಳು. ಒಂದು ಪಿಯಾನೋ, ಅದರ ಬೆನ್ನಿಗೆ ನೂರಾರು ವಾದ್ಯಗಳ ಮೇಳ, ಎಲ್ಲ ಸೇರಿ ಎಂದೋ ಯಾವುದೋ ದೇಶದಲ್ಲಿ ನುಡಿಸಿದ ರೆಕಾರ್ಡಿಂಗು. ಅದರ ಕೆಳಗೆ ಥೇಟ್ ನಮ್ಮ ಜೋಯಿಸರು ಬರೆದುಕೊಡುವ ಹಾಗೆ ಗುಣಲಕ್ಷಣಗಳು. ಗತಿ ಚುರುಕು. ಶ್ರುತಿ ಎ ಮೈನರ್. ಉಲ್ಲಾಸ ಅಷ್ಟಕ್ಕಷ್ಟೆ. ಕೊನೆಯಲ್ಲಿ ಇನ್ನೊಂದು ಸಾಲು: ಕುಣಿಯುವುದಕ್ಕೆ ಯೋಗ್ಯತೆ ತೀರಾ ಕಡಿಮೆ. ಇದನ್ನು ಕೇಳಿ ನನಗೆ ಆ ಸಂಗೀತದ ಮೇಲೆ ಕನಿಕರ ಬಂತು. ನನಗೂ ಮದುವೆಗೆ ಮುಂಚೆ ಒಬ್ಬರು ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು.

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಪ್ಪ, "ಏನಂದೆ, ಗತಿ ಚುರುಕಾ?" ಅಂತ ಕೇಳಿದರು. ಸಿಂಚನಾ ಹೌದು ತಾತ ಅಂದಳು. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಪೇಪರಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ; ಆ ಪುಟ ಪೂರ್ತಿ ಕೊಬ್ಬರಿ ಧಾರಣೆ.

ಈ ಜಾತಕ ತೆಗೆಸಬೇಕಾಗಿ ಬಂದದ್ದು ಅಮ್ಮನ ಮಂಡಿಯಿಂದ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಒಂದು ಮಾತನ್ನು ಮೂರು ಮೂರು ಸಲ ಹೇಳಿದರು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿಟ್ಟುಕೊಂಡು, ಕಾಲು ನೀಡಿ, ಅಲ್ಲಾಡದೆ ಕೂರಬೇಕು. ಕೂರದಿದ್ದರೆ ಮಂಡಿ ಅರ್ಧ ಮಡಚಿದ ಹಾಗೇ ಬಿಗಿದುಕೊಂಡುಬಿಡುತ್ತದೆ, ಆಮೇಲೆ ಇರುವಷ್ಟು ದಿನ ಕುಂಟಿಕೊಂಡೇ ಓಡಾಡಬೇಕು. ಮಾತ್ರೆ ನುಂಗು ಅಂದಿದ್ದರೆ ಅಮ್ಮ ನುಂಗುತ್ತಿದ್ದಳು, ಉಪವಾಸ ಇರು ಅಂದಿದ್ದರೆ ಖುಷಿಯಿಂದ ಇರುತ್ತಿದ್ದಳು. ಅಲ್ಲಾಡದೆ ಕೂರುವುದು ಮಾತ್ರ ಅವಳಿಗೆ ಬಾರದ ವಿದ್ಯೆ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕೂತ ಹಾಗೆ ಕಾಣುತ್ತಾರೆ, ಕೂತಿರುವುದಿಲ್ಲ. ಅಮ್ಮನನ್ನು ಮಂಚದ ಮೇಲೆ ಕೂರಿಸಿ ಟವೆಲ್ ಸರಿ ಮಾಡಿ ನಾನು ಈಚೆ ಬರುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿರುತ್ತಿದ್ದಳು.

"ಹಾಲು ಉಕ್ತೈತೇನೋ ಅಂತ ಬಂದೆ ಕಣೇ."

"ಹಾಲು ನಾನು ನೋಡ್ಕೋತೀನಿ, ನೀನು ಕೂತ್ಕೋ ಹೋಗಮ್ಮ."

"ನೋಡ್ಕೋತೀಯ. ಉಕ್ಕಿದ್ಮೇಲೆ ನೋಡ್ಕೋತೀಯ."

ಇದರಲ್ಲಿ ಸತ್ಯವಿದ್ದದ್ದರಿಂದ ನಾನು ಒಲೆಯ ಕಡೆ ತಿರುಗಿಬಿಡುತ್ತಿದ್ದೆ. ಟೀವಿ ಹಾಕಿ ನೋಡಿದೆವು. ಜಾಹೀರಾತು ಬಂದ ತಕ್ಷಣ ಏಳುತ್ತಿದ್ದಳು, ಧಾರಾವಾಹಿಯಲ್ಲಿ ಅತ್ತೆ ಸೊಸೆಯನ್ನು ಬೈಯಲು ಶುರು ಮಾಡಿದರಂತೂ ಸಿಟ್ಟಿಗೆ ಏಳುತ್ತಿದ್ದಳು. ಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ ಅಳತೆ ಹಿಡಿದು ನೋಡಿ ಮುಖ ಸಪ್ಪಗೆ ಮಾಡಿಕೊಂಡಳು. "ಅಜ್ಜಿ, ಈ ತಿಂಗಳೊಳಗೆ ಕಾಲು ನೆಟ್ಟಗಾಗ್ಲಿಲ್ಲ ಅಂದ್ರೆ ಆಮೇಲೆ ನನ್ ಕೈಲೂ ಆಗಲ್ಲ" ಅಂದಳು. ನನಗೆ ನಿಜವಾಗಿ ಭಯವಾಯಿತು. ಬಿರಬಿರ ನಡೆಯುವುದೇ ಅಮ್ಮನ ಗುರುತು. ಅವಳು ಕುಂಟುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಆಗ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಅವ್ಳು ಕೂರೋದು ಒಂದಕ್ಕೇ ಕಣಮ್ಮ. ಆ ಟೇಪು ಹಾಕು" ಅಂದರು.

ಯಾವ ಟೇಪು ಅಂತ ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿದ್ದದ್ದು ಒಂದೇ ಟೇಪು.

ಅಜ್ಜಂಪುರದಲ್ಲಿ ಅಪ್ಪನದೊಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಇನ್‌ಸ್ಟಿಟ್ಯೂಟ್ ಅಂದರೆ ನೀವು ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಮನೆಯ ಮುಂದಿನ ಕೋಣೆ, ಗೋಡೆಯುದ್ದಕ್ಕೂ ಮೇಜು, ಮೇಜಿನ ಮೇಲೆ ಹಳೆಯ ಮಿಷನ್ನುಗಳು, ಹೊರಗೆ ತಗಡಿನ ಬೋರ್ಡು. ಕೋಣೆಗೆ ಕಾಲಿಟ್ಟರೆ ರಿಬ್ಬನ್ನಿನ ಮಸಿ ಮತ್ತು ಮಿಷನ್ ಎಣ್ಣೆಯ ವಾಸನೆ. ಮಸಿ ಕಟ್ಟಿಕೊಂಡ ಅಚ್ಚುಗಳನ್ನು ಗುಂಡುಸೂಜಿಯಿಂದ ಕೆರೆದು ಚೊಕ್ಕಟ ಮಾಡುವುದು ನನ್ನ ಕೆಲಸ. ಇಂಗ್ಲಿಷಿನ 'ಒ' ಮತ್ತು 'ಇ' ಅಕ್ಷರಗಳಿಗೆ ಹೊಟ್ಟೆಯೊಳಗೆ ಎಷ್ಟು ಕೊಳೆ ತುಂಬಿಕೊಳ್ಳುತ್ತದೆ ಅನ್ನುವುದು ಅವುಗಳನ್ನು ಓದುವ ಮೊದಲೇ ನನಗೆ ಗೊತ್ತಿತ್ತು.

ಅಪ್ಪನಿಗೆ ಒಂದು ಸಿದ್ಧಾಂತವಿತ್ತು. ಟೈಪಿಂಗಿಗೆ ಮೊದಲು ಬೇಕಾದದ್ದು ತಾಳ, ಓಟ ಆಮೇಲೆ ತಾನಾಗಿ ಬರುತ್ತದೆ. ಅದಕ್ಕಾಗಿ ಮರದ ಅಡಿಕೋಲಿನಿಂದ ಮೇಜು ಕುಟ್ಟುತ್ತಿದ್ದರು. ಹೀಗಿರುವಾಗ ತರೀಕೆರೆಯ ಆಚೆ, ಬೆಟ್ಟದ ಬುಡದಲ್ಲಿ, ಎಸ್ಟೇಟ್ ಬಂಗಲೆಯೊಂದರ ಹಳೆಯ ಸಾಮಾನು ಮಾರುತ್ತಿದ್ದಾರೆ ಅಂತ ತಿಳಿದು ಒಂದು ಟೈಪ್‌ರೈಟರ್ ತರಲು ಹೋದರು. ಮಿಷನ್ನಿನ ಪೆಟ್ಟಿಗೆಯಲ್ಲಿ ಒಂದು ಟೇಪ್ ರೆಕಾರ್ಡರೂ ಅದರ ಹೊಟ್ಟೆಯಲ್ಲಿ ಒಂದು ಕ್ಯಾಸೆಟ್ಟೂ ಸೇರಿಕೊಂಡು ಬಂದವು. ಕ್ಯಾಸೆಟ್ಟಿನ ಚೀಟಿಯನ್ನು ಜಿರಲೆ ತಿಂದಿತ್ತು. ರಚಿಸಿದವರು ಯಾರು, ನುಡಿಸಿದವರು ಯಾರು, ಎಲ್ಲ ಜಿರಲೆಯ ಹೊಟ್ಟೆ ಸೇರಿ, 'ಪಿಯಾನೋ ಅಂಡ್ ಆರ್ಕೆಸ್ಟ್ರಾ' ಅನ್ನುವಷ್ಟು ಮಾತ್ರ ಉಳಿದಿತ್ತು.

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವವರು. ಸುದ್ದಿ ಕೇಳಿ ಎದುರು ಮನೆಯ ಬಸಪ್ಪನವರು ಮೊದಲ ದಿನ ಸಂಸಾರ ಸಮೇತ ಬಂದು ಚಾಪೆ ಮೇಲೆ ಕೂತರು. ಒಂದು ಪಕ್ಕ ಪೂರ್ತಿ ಮುಗಿಯಿತು. ಬಸಪ್ಪನವರು ಬಹಳ ಮರ್ಯಾದೆಯಿಂದ, "ಹಾಡೋರು ಇನ್ನೂ ಬಂದಿಲ್ವಾ ಮೇಷ್ಟ್ರೇ?" ಅಂತ ಕೇಳಿದರು.

ಅಪ್ಪನಿಗೆ ಮಾತ್ರ ನಿಧಿ ಸಿಕ್ಕಿದಂತಾಗಿತ್ತು. ಪಿಯಾನೋ ನುಡಿಸುವವನೂ ಹತ್ತು ಬೆರಳಿನಲ್ಲಿ ಮನೆ, ಅಂದರೆ ಕೀ, ಒತ್ತುತ್ತಾನೆ, ಟೈಪಿಸ್ಟೂ ಹತ್ತು ಬೆರಳಿನಲ್ಲಿ ಒತ್ತುತ್ತಾನೆ, ವ್ಯತ್ಯಾಸ ಏನು? ಸಂಜೆಯ ಬ್ಯಾಚಿಗೆ ಆ ಟೇಪು ಹಾಕಿ, ಅದರ ಗತಿಗೆ ಸರಿಯಾಗಿ ಹುಡುಗರಿಂದ ಬೆರಳು ಆಡಿಸತೊಡಗಿದರು. ಆ ಸಂಗೀತ ಎಷ್ಟು ನಿಧಾನ ಅಂತೀರಿ. ಹೊಳೆ ದಾಟಿ ಬರುವ ಎಮ್ಮೆಗಳ ಹಾಗೆ ಒಂದೊಂದೇ ಸ್ವರ ಮೇಲೆ ಬರುತ್ತಿತ್ತು. ಪಿಟೀಲುಗಳೆಲ್ಲ ಒಟ್ಟಿಗೆ ಏಳುವ ಜಾಗದಲ್ಲಿ ಯಾರೋ ದೊಡ್ಡ ಮನುಷ್ಯರು ಕುರ್ಚಿಯಿಂದ ಎದ್ದಂತಾಗುತ್ತಿತ್ತು. ಅಪ್ಪ ಹುಡುಗರ ಹಿಂದೆ ಕೈಕಟ್ಟಿ ಓಡಾಡುತ್ತ, "ಕೇಳ್ರೋ. ಈ ಪಾಶ್ಚಾತ್ಯರಿಗೆ ಆತುರ ಅನ್ನೋದೇ ಇಲ್ಲ. ಒಂದು ಬೆರಳು ಏಳೋವರ್ಗೂ ಇನ್ನೊಂದು ಬೆರಳು ಕಾಯುತ್ತೆ. ಅದಕ್ಕೇ ಅವರು ಮುಂದುವರೆದಿರೋದು" ಅಂತ ಭಾಷಣ ಮಾಡುತ್ತಿದ್ದರು. ಪಾಶ್ಚಾತ್ಯರ ಬಗ್ಗೆ ಅಜ್ಜಂಪುರದ ಒಂದು ತಲೆಮಾರಿಗೆ ಇರುವ ಅಭಿಪ್ರಾಯ ಹೀಗೆ ರೂಪುಗೊಂಡದ್ದು.

ಇಲ್ಲಿ ಸೆಲ್ಲಿನ ವಿಷಯ ಹೇಳಬೇಕು. ಸಂಜೆಯಾದರೆ ನಮ್ಮಲ್ಲಿ ಕರೆಂಟು ಇರುತ್ತಿರಲಿಲ್ಲ. ಇದ್ದ ದಿನ ವೈರು ಸಿಕ್ಕಿಸಿದರೆ, ಮೊದಲ ಸಲಕ್ಕೇ ಅದು ಎಷ್ಟು ಜೋರಾಗಿ ಬಂತೆಂದರೆ ರೆಕಾರ್ಡರಿನ ವೈರು ಜೋಡಿಸುವ ಡಬ್ಬಿಯೇ ಸುಟ್ಟುಹೋಯಿತು. ಅಲ್ಲಿಂದ ಮುಂದೆ ಟೇಪು ಓಡಿದ್ದು ದಪ್ಪ ಸೆಲ್ಲಿನಲ್ಲಿ. ಸೆಲ್ಲು ವೀಕಾದರೆ ಎಸೆಯುವ ಕಾಲ ಅದಲ್ಲ. ಬಿಸಿಲಿಗೆ ಒಣಗಿಸುತ್ತಿದ್ದರು, ಒಣಗಿಸಿದರೆ ಒಂದಷ್ಟು ಜೀವ ಬರುತ್ತಿತ್ತು. ಇದನ್ನು ಹೇಳಿದರೆ ಸಿಂಚನಾ, "ಪವರ್ ಬ್ಯಾಂಕನ್ನ ಉಪ್ಪಿನಕಾಯಿ ಥರ ಇಡ್ತಿದ್ರಾ?" ಅಂತ ನಗುತ್ತಾಳೆ. ನಗಲಿ. ನಮ್ಮ ತಾರಸಿಯಲ್ಲಿ ಸಂಡಿಗೆಯ ಪಕ್ಕ ಸೆಲ್ಲು, ಸೆಲ್ಲಿನ ಪಕ್ಕ ಮೆಣಸಿನಕಾಯಿ ಒಣಗುತ್ತಿದ್ದವು. ತಾರಸಿ ಅಮ್ಮನ ರಾಜ್ಯ. ಅಪ್ಪ ಸೆಲ್ಲು ಬಿಚ್ಚಿ ಕೊಡುವರು, ಅಮ್ಮ ಒಯ್ದು ಇಡುವಳು, ಮಧ್ಯಾಹ್ನ ನಾನು ಹೋಗಿ ತರುವುದು. ಹೋದಾಗಲೆಲ್ಲ ಸೆಲ್ಲಿನ ಮೇಲೆ ಒಂದು ಮೊರ ಮುಚ್ಚಿರುತ್ತಿತ್ತು. ಕಾಗೆ ಕಚ್ಚಿಕೊಂಡು ಹೋಗದಿರಲಿ ಅಂತ ಅಮ್ಮ ಎಷ್ಟು ಜೋಪಾನ ಮಾಡುತ್ತಾಳೆ ಅಂದುಕೊಳ್ಳುತ್ತಿದ್ದೆ.

ಇಷ್ಟು ಆರೈಕೆ ಮಾಡಿದರೂ ಪಿಯಾನೋ ಮಾತ್ರ ಬಿರುಬೇಸಿಗೆಯಲ್ಲೂ ನಿಧಾನವೇ. ಅದರ ಸ್ವಭಾವವೇ ಹಾಗೆ ಅಂತ ನಾವೆಲ್ಲ ಒಪ್ಪಿಕೊಂಡಿದ್ದೆವು.

ಟೇಪು ಓಡುವಾಗ ಮನೆಗೆ ಒಂದು ಕಾನೂನಿತ್ತು. ಒಳಗಡೆ ಪಾತ್ರೆ ಸದ್ದಾಗಬಾರದು, ಒರಳು ತಿರುಗಬಾರದು, ಒನಕೆ ಏಳಬಾರದು. ಒಳಗಿನ ತಾಳ ಹೊರಗೆ ಕೇಳಿದರೆ ಹುಡುಗರ ಬೆರಳು ಅದರ ಹಿಂದೆ ಹೋಗಿಬಿಡುತ್ತದೆ. ಅಪ್ಪನ ತಾಯಿ, ನಮ್ಮಜ್ಜಿ, ಗಟ್ಟಿ ಹೆಂಗಸು. ಸೊಸೆ ಕೈಕಟ್ಟಿ ಕೂತದ್ದು ಕಣ್ಣಿಗೆ ಬಿದ್ದರೆ ಆಕೆಗೆ ಏನಾದರೊಂದು ಕೆಲಸ ಜ್ಞಾಪಕಕ್ಕೆ ಬಂದೇ ಬರುತ್ತಿತ್ತು. ಆದರೆ ಇದು ಮಗನ ಸಂಪಾದನೆಯ ವಿಷಯ, ಎದುರಾಡುವಂತಿಲ್ಲ. "ಇವನ ಇಂಗ್ಲಿಷ್ ಪಾಟು ಮುಗಿಯೋದು ಯಾವಾಗ್ಲೋ" ಅಂತ ಗೊಣಗಿಕೊಂಡು ಜಪಸರ ಹಿಡಿಯುತ್ತಿದ್ದರು. ಅಮ್ಮ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಎರಡೂ ಕಾಲು ನೀಡಿ ಕೂರುತ್ತಿದ್ದಳು. ಕಣ್ಣು ಮುಚ್ಚಿ, ಪಿಯಾನೋದ ಜೊತೆ ತುಟಿ ಬಿಚ್ಚದೆ ಗುನುಗುತ್ತಿದ್ದಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಆ ಗುನುಗು ಅವಳ ಹೊಟ್ಟೆಯಿಂದ ನನ್ನ ಕಿವಿಗೆ ನೇರ ಬರುತ್ತಿತ್ತು. ಅಮ್ಮ ಕೂತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಇದರಿಂದ ಇನ್‌ಸ್ಟಿಟ್ಯೂಟಿಗೆ ಆದದ್ದನ್ನೂ ಹೇಳಿಬಿಡುತ್ತೇನೆ. ತರೀಕೆರೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಇನ್‌ಸ್ಟಿಟ್ಯೂಟ್ ಇತ್ತು. ಪರೀಕ್ಷೆಯಲ್ಲಿ ಅವರ ಹುಡುಗರು ಬೇಗ ಮುಗಿಸಿ ಕಾಫಿ ಕುಡಿಯಲು ಹೋಗುತ್ತಿದ್ದರು. ನಮ್ಮ ಹುಡುಗರು ಒಂದು ತಪ್ಪೂ ಇಲ್ಲದೆ ಟೈಪ್ ಮಾಡುತ್ತ, ಬೆಲ್ಲು ಹೊಡೆದಾಗ ಕೊನೆಯ ಪ್ಯಾರಾದ ಹೊಸ್ತಿಲಲ್ಲಿರುತ್ತಿದ್ದರು. ಪಾಸಾಗುತ್ತಿದ್ದರು, ಫಸ್ಟ್ ಕ್ಲಾಸ್ ಬರುತ್ತಿರಲಿಲ್ಲ. ಹಿರೇನಲ್ಲೂರಿನ ಕಡೆಯಿಂದ ಬರುತ್ತಿದ್ದವರೂ ಕ್ರಮೇಣ ತರೀಕೆರೆಯ ಬಸ್ಸು ಹತ್ತಿದರು. ನಾನೂ ಆ ಟೇಪಿನಲ್ಲಿ ಕಲಿತವಳೇ. ಈಗ ಕಡೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಅಫಿಡವಿಟ್ ಮಾಡಿಸಲು ಬಂದವರು, "ಅಕ್ಕಾ, ಸ್ವಲ್ಪ ಬೇಗ ಒತ್ತಿ, ಬಸ್ ಹೋಗ್ತದೆ" ಅನ್ನುತ್ತಾರೆ. ನನ್ನ ಬೆರಳು ಇವತ್ತಿಗೂ ಪಿಟೀಲುಗಳು ಏಳಲಿ ಅಂತ ಕಾಯುತ್ತದೆ.

ಕಂಪ್ಯೂಟರು ಬಂದು ಇನ್‌ಸ್ಟಿಟ್ಯೂಟ್ ಮುಚ್ಚಿತು. ಅಪ್ಪ ಅಮ್ಮ ಕಡೂರಿಗೆ ನನ್ನ ಮನೆಗೆ ಬಂದರು. ಈಗ ಅಪ್ಪ ಹೇಳಿದ ಮೇಲೆ ಹುಡುಕಿದರೆ ಕ್ಯಾಸೆಟ್ಟು ಅಮ್ಮನ ಹೊಲಿಗೆ ಡಬ್ಬಿಯೊಳಗೆ ಬಟನ್ನುಗಳ ಅಡಿಯಲ್ಲಿ ಸಿಕ್ಕಿತು. ರೆಕಾರ್ಡರ್ ಎಂದೋ ತೀರಿಕೊಂಡಿತ್ತು. ನಮ್ಮ ಬೀದಿಯ ನಾಗರತ್ನ, ಭಜನೆ ಹೇಳಿಕೊಡುವವಳು, ತನ್ನ ಅಟ್ಟದಿಂದ ಒಂದನ್ನು ಇಳಿಸಿಕೊಟ್ಟಳು. ವೈರು ಗೋಡೆಗೆ ಸಿಕ್ಕಿಸಿದೆವು. ಅಮ್ಮನನ್ನು ಕೂರಿಸಿ, ಟವೆಲ್ ಇಟ್ಟು, ಒಳ್ಳೆ ಪೂಜೆಗೆ ಕೂತವರ ಹಾಗೆ ಎಲ್ಲರೂ ಕೂತು ಗುಂಡಿ ಒತ್ತಿದೆವು. ಪಿಯಾನೋ ಬಂತು. ಬಂತು ಅಂದರೆ ನಾಯಿ ಅಟ್ಟಿಸಿಕೊಂಡು ಬಂದವರ ಹಾಗೆ ಬಂತು. ನಾವು ಏನಿದು ಅನ್ನುವಷ್ಟರಲ್ಲಿ ಕಿರ್ರ್ ಅಂತ ಸದ್ದಾಯಿತು. ತೆರೆದು ನೋಡಿದರೆ ರೆಕಾರ್ಡರು ಟೇಪನ್ನು ಶ್ಯಾವಿಗೆ ಥರ ನುಂಗಿ ಕೂತಿತ್ತು. ಬಿಡಿಸಲು ಹೋದ ನನ್ನ ಕೈಯಲ್ಲಿ ಅದು ತುಂಡಾಯಿತು.

ಇದ್ದದ್ದೊಂದು ಟೇಪೂ ಹೋಯಿತು. ಆದರೆ ಸಿಂಚನಾ ಆ ಎರಡು ಸಾಲು ಓಡುವಷ್ಟರಲ್ಲಿ ಫೋನನ್ನು ಅದರ ಮುಂದೆ ಹಿಡಿದಿದ್ದಳು. ಫೋನು ಕೇಳಿಸಿಕೊಂಡು ಗುರುತು ಹಿಡಿದುಬಿಟ್ಟಿತು. ಜಿರಲೆ ತಿಂದ ಹೆಸರೆಲ್ಲ ವಾಪಸು ಬಂತು, ಜೊತೆಗೆ ನಾನು ಮೊದಲು ಹೇಳಿದ ಆ ಜಾತಕವೂ.

ಸರಿ, ಫೋನಿನಲ್ಲೇ ಹಾಕಿದೆವು. ಅಮ್ಮ ಸ್ವಲ್ಪ ಹೊತ್ತು ಕೇಳಿ ಕಾಲು ಕೆಳಗಿಟ್ಟಳು.

"ಇದು ಅದಲ್ಲ."

"ಅದೇ ಅಜ್ಜಿ. ಫೋನೇ ಹೇಳ್ತಿದೆ."

"ನಾನು ಕೇಳ್ದಷ್ಟು ನಿನ್ ಫೋನು ಕೇಳೈತಾ? ಇದಕ್ಕೆ ಯಾವ್ದೋ ಬಸ್ಸಿಗೆ ಟೈಮಾಗೈತೆ" ಅಂದವಳೇ ಬಚ್ಚಲ ಕಡೆ ಹೊರಟಳು.

ವೀಕ್ ಸೆಲ್ಲಿನ ವಿಷಯ ನನಗೆ ಆಗ ಹೊಳೆಯಿತು. ಸೆಲ್ಲು ವೀಕಾದರೆ ಟೇಪೂ ನಿಧಾನ ಓಡುತ್ತದೆ; ನಾವು ಕೇಳಿದ್ದೆಲ್ಲ ಸೆಲ್ಲಿನ ಸುಸ್ತು. ಅಪ್ಪ ಊರಿಗೆಲ್ಲ ಹೊಗಳಿದ ಪಾಶ್ಚಾತ್ಯರ ತಾಳ್ಮೆಯೂ ಅದೇ. ನನಗೆ ನಗು ತಡೆಯಲಾಗಲಿಲ್ಲ, ಅಪ್ಪನ ಮುಖ ನೋಡಿ ಪಾಪ ಅನ್ನಿಸಿ ಆಗ ಸುಮ್ಮನಾದೆ. ನಿಧಾನ ಮಾಡಿದರಾಯಿತಲ್ಲ, ಫೋನಿನಲ್ಲಿ ಅದಕ್ಕೊಂದು ಗುಂಡಿ ಇದೆ. ಸಂಜೆ ಸಿಂಚನಾ ಗತಿ ಇಳಿಸಿ ಹಾಕಿದಳು. ಅಮ್ಮ ಕೂತಳು, ಕಣ್ಣು ಮುಚ್ಚಿದಳು, ಗುನುಗಲು ಶುರು ಮಾಡಿದಳು. ಗುನುಗು ಒಂದು ಕಡೆ, ಪಿಯಾನೋ ಒಂದು ಕಡೆ. ಅಮ್ಮ ಕಣ್ಣು ಬಿಟ್ಟಳು.

"ನಿಧಾನ ಏನೋ ಆಯ್ತು. ಆದ್ರೆ ಮೇಲ್ಗಡೇನೆ ನಿಂತ್ಕಂಡೈತೆ ಕಣೇ. ಇಳೀಲಿಲ್ಲ."

ಇದೇನು ತಕರಾರು ಅಂತ ನನಗೆ ಅರ್ಥವಾಗಲಿಲ್ಲ. ನಾಗರತ್ನ ಬಿಡಿಸಿ ಹೇಳಿದಳು. ಟೇಪು ನಿಧಾನವಾದರೆ ಶ್ರುತಿಯೂ ಅದರ ಜೊತೆಗೇ ಇಳಿಯುತ್ತದೆ, ಹೆಂಗಸರ ಧ್ವನಿ ಗಂಡಸರದಾಗುವುದು ಅದಕ್ಕೇ. ಫೋನು ಬುದ್ಧಿವಂತ, ಗತಿಯನ್ನು ಎಷ್ಟು ಎಳೆದರೂ ಶ್ರುತಿಯನ್ನು ಇದ್ದಲ್ಲೇ ಹಿಡಿದಿಡುತ್ತದೆ. ಅಮ್ಮನ ಗಂಟಲು ಅಷ್ಟು ವರ್ಷ ಗುನುಗಿದ್ದು ಇಳಿದ ಶ್ರುತಿಗೆ.

ನಾಗರತ್ನ ಹಾರ್ಮೋನಿಯಂ ತಂದಳು. ಅಮ್ಮನಿಂದ ಮೊದಲ ಸ್ವರ ಗುನುಗಿಸಿ ಮನೆ ಹುಡುಕಿದೆವು. ನಾನೂ ಒಂದು ಕೈ ಹಾಕಿದೆ, ನನ್ನನ್ನು ಇಬ್ಬರೂ ಸೇರಿ ಈಚೆಗೆ ಕೂರಿಸಿದರು. ಎ ಮೈನರಿನಿಂದ ಇಳಿದು, ಜಿ ದಾಟಿ, ಅದರ ಕೆಳಗಿನ ಮನೆಗೂ ಪೂರ್ತಿ ಹೋಗದೆ, ಎರಡು ಮನೆಗಳ ನಡುವಿನ ಸಂದಿಯಲ್ಲಿ ಅಮ್ಮನ ಸ್ವರ ನಿಂತಿತ್ತು. ಯಾವ ವಾದ್ಯದಲ್ಲೂ ಒತ್ತಲು ಸಿಗದ ಶ್ರುತಿ. ಸಿಂಚನಾ ಫೋನಿನಲ್ಲಿ ಇನ್ನೊಂದು ಗುಂಡಿ ಹುಡುಕಿ ಶ್ರುತಿಯನ್ನೂ ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸುತ್ತ ಹೋದಳು. ಅಮ್ಮ, "ಇನ್ನಷ್ಟು, ಇನ್ನಷ್ಟು, ಹಾ, ಬಿಡು" ಅಂದಳು.

ಎಮ್ಮೆಗಳು ಒಂದೊಂದೇ ಹೊಳೆಯಿಂದ ಮೇಲೆ ಬಂದವು. ಅಮ್ಮನ ಗುನುಗು ಹೋಗಿ ಅದರೊಳಗೆ ಕೂತುಕೊಂಡಿತು. ಪಿಟೀಲುಗಳು ಎದ್ದಾಗ ನೋಡಿದೆ, ಟವೆಲ್ಲಿನ ಮೇಲೆ ಹಿಮ್ಮಡಿ ಭಾರ ಬಿಟ್ಟಿತ್ತು, ಮಂಡಿ ತಾನಾಗಿ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ನನಗೆ ಸಂತೋಷವಾಯಿತು, ಅಳುವೂ ಬಂತು. ಅಮ್ಮನ ತೊಡೆಯ ಮೇಲೆ ತಲೆಯಿಡಬೇಕು ಅನ್ನಿಸಿತು, ಆದರೆ ಡಾಕ್ಟರು ಭಾರ ಹಾಕಬೇಡಿ ಅಂದಿದ್ದರು.

ಅಂದಿನಿಂದ ಬೆಳಿಗ್ಗೆ ಒಂದು ಪಿಯಾನೋ, ಸಂಜೆ ಒಂದು ಪಿಯಾನೋ. ಅಮ್ಮ ಅಲ್ಲಾಡದೆ ಕೂತಳು. ಅದು ಮುಗಿದ ಕ್ಷಣ ಎದ್ದು ಹಾಲು ನೋಡಲು ಹೋಗುತ್ತಿದ್ದಳು ಅನ್ನುವುದು ಬೇರೆ ಮಾತು. ವ್ಯಾಯಾಮದ ಹುಡುಗಿ ಅಳತೆ ಹಿಡಿದು, "ಏನಜ್ಜಿ, ಯಾವ ಎಣ್ಣೆ ಹಚ್ತಿದೀರ?" ಅಂತ ಕೇಳಿದಳು.

ಅಪ್ಪ ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಒಂದು ಗಂಟೆ ಕೂತು ಹೋಗುತ್ತಾರೆ. ಬಂದವರ ಅರ್ಜಿಯಲ್ಲಿ ಕಾಗುಣಿತ ತಿದ್ದುವುದು ಅವರ ಸಮಾಜಸೇವೆ. ಜನವಿಲ್ಲದ ಹೊತ್ತು ನೋಡಿ ನಾನು ಕೆಣಕಿದೆ.

"ಅಲ್ಲಪ್ಪ, ಪಾಶ್ಚಾತ್ಯರಿಗೆ ಆತುರ ಇಲ್ಲ ಅಂತಿದ್ರಲ್ಲ. ಜಾತಕದಲ್ಲಿ ಚುರುಕು ಅಂತ ಬಂದಿದೆ. ಈಗೇನು ಹೇಳ್ತೀರ?"

"ನಂಗೆ ಗೊತ್ತಿತ್ತು" ಅಂದರು ಅಪ್ಪ.

"ಏನು ಗೊತ್ತಿತ್ತು?"

"ಚುರುಕು ಅಂತ. ಹೊಸದ್ರಲ್ಲಿ ಹೊಸ ಸೆಲ್ಲು ಹಾಕಿ ಕೇಳಿದ್ನಲ್ಲಮ್ಮ. ಅದೇನು ಓಟ ಅಂತೀಯ. ನಿಮ್ಮಮ್ಮ ಆಗ ತಾನೆ ಕೂತಿದ್ಲು, ಬೆನ್ನು ಗೋಡೆಗೆ ತಾಗಿತ್ತೋ ಇಲ್ವೋ, ಟೇಪು ಮುಗುದೋಯ್ತು. ನಮ್ಮಮ್ಮ ಒಳಗಿಂದ ಕರೆದ್ರು, ಎದ್ದು ಹೋದ್ಲು. ಮಾರನೇ ದಿನ ಟಾರ್ಚಿನ ಹಳೇ ಸೆಲ್ಲು ತೆಗ್ದು ಟೇಪಿಗೆ ಹಾಕ್ದೆ, ಹೊಸಾದು ಟಾರ್ಚಿಗೆ ಹಾಕ್ದೆ. ಅವತ್ತು ಪಾಪ ಒಂದಷ್ಟು ಹೊತ್ತು ಕೂತಿದ್ಲು. ಆಮೇಲೆ ಹಂಗೇ ನಡೀತು."

"ಮತ್ತೆ ಆ ಭಾಷಣ?"

"ಹುಡುಗರಿಗೆ ಏನಾದ್ರೂ ಹೇಳ್ಬೇಕಲ್ಲ."

"ಫಸ್ಟ್ ಕ್ಲಾಸೆಲ್ಲ ತರೀಕೆರೆಗೆ ಹೋಯ್ತಲ್ಲಪ್ಪ."

"ಹೋಯ್ತು. ನ್ಯಾಯವಾಗಿ ನಮ್ಮಮ್ಮಂಗೆ ಹೇಳ್ಬೇಕಿತ್ತು, ಅವಳನ್ನ ಒಂದ್ ಗಳಿಗೆ ಕೂರಕ್ಕೆ ಬಿಡಮ್ಮ ಅಂತ. ಆ ಧೈರ್ಯ ನಂಗಿರ್ಲಿಲ್ಲ. ಸೆಲ್ಲು ಬದಲಾಯ್ಸೋ ಧೈರ್ಯ ಇತ್ತು, ಅಷ್ಟೇ ಮಾಡ್ದೆ." ಅಪ್ಪ ಕನ್ನಡಕ ಒರೆಸಿಕೊಂಡರು. "ನಿಮ್ಮಮ್ಮಂಗೆ ಹೇಳ್ಬೇಡ. ಸಂಗೀತ ಅಂದ್ಕೊಂಡು ಕೂತಿದ್ಲು."

ಇಡೀ ಊರಿನ ಎದುರಿಗೆ ತಗಡಿನ ಬೋರ್ಡು ಹಾಕಿಕೊಂಡು ನಿಂತ ಮೇಷ್ಟ್ರು, ಹುಡುಗರು ಒಬ್ಬೊಬ್ಬರೇ ತರೀಕೆರೆಯ ಬಸ್ಸು ಹತ್ತುವುದನ್ನು ನೋಡಿಕೊಂಡೂ ಹಳೆಯ ಸೆಲ್ಲೇ ಹಾಕಿದರಲ್ಲ ಅಂತ ನನಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಅದನ್ನು ತೋರಿಸಿಕೊಳ್ಳಲು ಬಾರದೆ ಒಂದು ಕಾಫಿ ತರಿಸಿಕೊಟ್ಟೆ.

ಗುಟ್ಟು ಇಟ್ಟುಕೊಳ್ಳುವ ವಿಷಯದಲ್ಲಿ ನನ್ನದೂ ವೀಕ್ ಸೆಲ್ಲೇ. ಅಂದು ಮಧ್ಯಾಹ್ನ ಅವರೆಕಾಳು ಸುಲಿಯುತ್ತ ಕೂತಾಗ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಕಣ್ಣೊರೆಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಸುಲಿಯುವುದು ನಿಲ್ಲಿಸಿದಳು.

"ಅದಕ್ಕೇ ಅಷ್ಟೊಂದು ನಿಧಾನ ಆಗ್ತಿತ್ತಾ" ಅಂದಳು. "ನಾನು ಬರೀ ಮೊರದ್ದು ಅನ್ಕೊಂಡಿದ್ದೆ."

"ಯಾವ ಮೊರ?"

"ಸೆಲ್ಲಿನ ಮೇಲೆ ಮುಚ್ತಿದ್ನಲ್ಲ, ಅದು."

"ಅದು ಕಾಗೆ ಎತ್ಕಂಡು ಹೋಗ್ಬಾರ್ದು ಅಂತ ಅಲ್ವಾ?"

"ಕಾಗೆ ಸೆಲ್ಲು ತಿಂತದೇನೇ?" ಅಮ್ಮ ಮತ್ತೆ ಸುಲಿಯಲು ಶುರು ಮಾಡಿದಳು. "ಬಿಸಿಲಿಗಿಡು ಅಂತ ಕೊಡ್ತಿದ್ರು, ಇಡ್ತಿದ್ದೆ. ಇಟ್ಟು ನೆರಳು ಮಾಡಿ ಬರ್ತಿದ್ದೆ. ಸೆಲ್ಲಿಗೆ ಜೀವ ಬಂದ್ರೆ ಟೇಪು ಬೇಗ ಮುಗ್ದೋಗೋದು. ನಂಗೆ ಕಾಲು ಎಷ್ಟು ನೋಯೋದು ಗೊತ್ತಾ ಆಗ? ಅವರ ಇನ್‌ಸ್ಟಿಟ್ಯೂಟ್ ನನ್ನಿಂದ ಮುಚ್ಚಿತು ಅಂತ ಒಳಗೊಳಗೇ ಕೊರೀತಾ ಇತ್ತು. ನಿಮ್ಮಪ್ಪಂಗೆ ಹೇಳ್ಬೇಡ."

ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಗೊತ್ತಾಗದಂತೆ ಇಬ್ಬರೂ ಒಂದೇ ಸೆಲ್ಲನ್ನು ಸಾಯಿಸುತ್ತಿದ್ದರು. ಆ ಪಿಯಾನೋ ಅಷ್ಟಾದರೂ ಓಡಿತಲ್ಲ ಅಂತ ನನಗೆ ಈಗ ಆಶ್ಚರ್ಯ. ಈ ಸಲ ಮಾತ್ರ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ನಿಮಗೆ ಹೇಳಿದ್ದು, ನೀವು ಅಪ್ಪನಿಗೆ ಹೇಳುವವರಲ್ಲ ಅಂತ.

ಹೋದ ವಾರ ವ್ಯಾಯಾಮದ ಹುಡುಗಿ ಬಂದು ಕಾಲು ನೋಡಿ ಬಹಳ ಖುಷಿಪಟ್ಟಳು. ಮಂಡಿ ನೆಟ್ಟಗಾಗಿದೆ, ಇನ್ನು ಟವೆಲ್ ಬೇಡ, ಕೂರುವುದೂ ಬೇಡ, ಆರಾಮಾಗಿ ಓಡಾಡಿಕೊಂಡಿರಿ ಅಂದಳು. ಅಮ್ಮ ಅವಳನ್ನು ಗೇಟಿನವರೆಗೆ ಬಿರಬಿರನೆ ನಡೆದು ಹೋಗಿ ಕಳಿಸಿಬಂದಳು. ಸಂಜೆ ಹಾಲು ಒಲೆ ಮೇಲಿಟ್ಟು ಈಚೆ ಬಂದಳು. ಅಪ್ಪ ಪೇಪರ್ ಮಡಚಿ, "ಹಾಕಮ್ಮ" ಅಂದರು. ಯಾಕೆ ಅಂತ ಯಾರೂ ಕೇಳಲಿಲ್ಲ, ಸಿಂಚನಾ ಹಾಕಿದಳು. ಅಮ್ಮ ಗೋಡೆಗೆ ಬೆನ್ನು ಕೊಟ್ಟು ಎರಡೂ ಕಾಲು ನೀಡಿ ಕೂತಳು. ಅಪ್ಪ ಅವಳ ಪಕ್ಕ ಕೂತರು. ಎಮ್ಮೆಗಳು ಬಂದವು, ದೊಡ್ಡ ಮನುಷ್ಯರು ಎದ್ದರು, ಕೊನೆಗೆ ಎಲ್ಲ ವಾದ್ಯ ಸೇರಿ ಎರಡು ಮನೆಗಳ ಸಂದಿಯ ಆ ಶ್ರುತಿಯಲ್ಲಿ ನಿಂತು ಸುಮ್ಮನಾದವು.

ಅಮ್ಮ ಅಲ್ಲಾಡಲಿಲ್ಲ.

"ಮುಗೀತು ಕಣೇ" ಅಂದರು ಅಪ್ಪ.

"ಗೊತ್ತಾಯ್ತು ಬಿಡಿ."

ಒಳಗಿನಿಂದ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ನನಗೆ ಬಂತು, ಅಪ್ಪನಿಗೆ ಬಂತು, ಅಮ್ಮನ ಮೂಗಿಗಂತೂ ಎಲ್ಲರಿಗಿಂತ ಮೊದಲೇ ಬಂದಿರಬೇಕು. ಅವಳು ಏಳಲಿಲ್ಲ.